ಹಾಕಿದ ಕ್ಲೇಮ್ ವಾಪಸ್ ತಗೊಂಡು ಎನ್‌ಸಿಬಿ ಉಳಿಸಿಕೊಂಡೆ

"ಒಂದ್ಸಲ ಕ್ಲೇಮ್ ನಂಬರ್ ಬಿತ್ತು ಅಂದ್ರೆ ಮುಗೀತು ಸರ್, ಎನ್‌ಸಿಬಿ ಹೋಯ್ತು ಅಂತ್ಲೇ ಲೆಕ್ಕ." ನಮ್ಮ ಏಜೆಂಟ್ ಹೇಳಿದ್ದು ಹೀಗೆ. ಸರ್ವಿಸ್ ಸೆಂಟರಿನ ಹುಡುಗನೂ ಅದನ್ನೇ ಹೇಳಿದ. ಭಾವ ಅಂತೂ ನಕ್ಕೇಬಿಟ್ಟರು. ಕಳೆದ ವಾರ ಕಾರಿನ ಇನ್ಶೂರೆನ್ಸ್ ಪಾಲಿಸಿ ರಿನ್ಯೂ ಆಯಿತು. ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗೋ ನೋ ಕ್ಲೇಮ್ ಬೋನಸ್ ಡಿಸ್ಕೌಂಟು, 50% ಅಂತ ಪ್ರಿಂಟಾಗಿ ಬಂದಿದೆ. ಅದರ ಫೋಟೋ ಮೊದಲು ಹೋಗಿದ್ದು ಭಾವನಿಗೇ.

ಆಗಿದ್ದಿಷ್ಟು. ತೀರ್ಥಹಳ್ಳಿ ಹತ್ತಿರ ಮಾವನ ಮನೆ. ರಾತ್ರಿ, ಜೋರು ಮಳೆ, ನಾನು ರಿವರ್ಸ್ ತೆಗೀತಿದ್ದೆ. ಗೇಟಿನ ಜಂಬಿಟ್ಟಿಗೆ ಕಂಬ ಅಲ್ಲೇ ಇತ್ತು, ನನಗೆ ಕಾಣಲಿಲ್ಲ. ಹಿಂದಿನ ಬಂಪರ್ ಬಿರುಕು ಬಿಟ್ಟಿತು, ಎಡಗಡೆ ಟೈಲ್ ಲ್ಯಾಂಪ್ ಹೋಯಿತು, ಪಕ್ಕದ ಪ್ಯಾನೆಲ್ ಅಂಗೈ ಅಗಲ ಒಳಗೆ ಹೋಯಿತು. ಗಾಡಿ ಐದು ವರ್ಷಕ್ಕೆ ಹತ್ತಿರವಾದ ಪೆಟ್ರೋಲ್ ಸ್ವಿಫ್ಟ್. ಅಲ್ಲಿವರೆಗೆ ಒಂದೂ ಕ್ಲೇಮ್ ಇಲ್ಲ, 45% ನಡೀತಿತ್ತು. ಝೀರೋ ಡೆಪ್ (ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಡಿತ ಮಾಡದ ಹೆಚ್ಚುವರಿ ಕವರ್) ಅನ್ನು ಆ ವರ್ಷವಷ್ಟೇ ಬಿಟ್ಟಿದ್ದೆ. ಸಾವಿರ ಚಿಲ್ಲರೆ ಉಳಿಸಿದ ಜಾಣ ನಾನು.

ಬೆಳಿಗ್ಗೆ ಕಾಫಿ ಕುಡಿಯೋ ಮೊದಲೇ ಫೋನಿನಲ್ಲಿ ಕ್ಲೇಮ್ ಹಾಕಿಬಿಟ್ಟೆ. ತಪ್ಪು ಮಾಡಿದ್ದು ಅಲ್ಲೇ. ಶಿವಮೊಗ್ಗಕ್ಕೆ ಬಂದು ಗಾಡಿ ಬಿಟ್ಟೆ, ಇನ್ಶೂರೆನ್ಸ್ ಸರ್ವೇಯರ್ ಬಂದು ಫೋಟೋ ತೆಗೆದು ಹೋದರು, ಎಸ್ಟಿಮೇಟ್ ಕೈಗೆ ಬಂತು. ಸುಮಾರು 16,000. ಆಮೇಲೆ ಪೆನ್ನು ಹಿಡಿದು ಕೂತೆ. ಬಂಪರ್, ಲ್ಯಾಂಪ್, ಕ್ಲಿಪ್ಪು ಎಲ್ಲಾ ಪ್ಲಾಸ್ಟಿಕ್ಕು, ಅರ್ಧ ದುಡ್ಡು ಡಿಪ್ರಿಸಿಯೇಷನ್ನಿಗೆ, ಅಂದರೆ ಸವಕಳಿಗೆ ಕಡಿತ. ಪೇಂಟಿನಲ್ಲೂ ಒಂದಿಷ್ಟು ಕಡಿತ. ಮೇಲೆ ಕ್ಲೇಮಿನಲ್ಲಿ ನಾವೇ ಹಾಕಬೇಕಾದ ಕಂಪಲ್ಸರಿ 1,000. ಕೊನೆಗೆ ಕಂಪನಿ ಕೊಡೋದು ಒಂಬತ್ತೂವರೆ, ನನ್ನ ಕೈಯಿಂದ ಆರೂವರೆ ಸಾವಿರ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನಮ್ಮ ಪರಿಚಯದ ಟಿಂಕರಿಂಗ್ ಮೇಸ್ತ್ರಿ ಇದ್ದಾರೆ. ಅವರು ಗಾಡಿ ನೋಡಿ ಹೇಳಿದ್ದು, "ಎಲ್ಲಾ ಸೇರಿ ಏಳು ಕೊಡಿ ಸರ್." ಅಂದರೆ ಕ್ಲೇಮ್ ಮಾಡಿದರೂ ಆರೂವರೆ, ಮಾಡದಿದ್ದರೂ ಏಳು!

ಇನ್ನು ಎನ್‌ಸಿಬಿ. ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗೋ ಡ್ಯಾಮೇಜಿನ) ಪ್ರೀಮಿಯಂ ಡಿಸ್ಕೌಂಟ್ ಇಲ್ಲದೆ ನನಗೆ ಎಂಟು ಸಾವಿರದ ಹತ್ತಿರ. ಎಲ್ಲರೂ ಮುಂದಿನ ಒಂದು ವರ್ಷದ ನಷ್ಟವನ್ನಷ್ಟೇ ನೋಡುತ್ತಾರೆ. ನಾನು ಪೂರ್ತಿ ಏಣಿ ಲೆಕ್ಕ ಹಾಕಿದೆ. 50 ಸಿಗಬೇಕಾದಲ್ಲಿ ಮೊದಲ ವರ್ಷ ಸೊನ್ನೆ, ಆಮೇಲೆ 20, 25, 35, 45. ಕಳ್ಕೊಂಡಿದ್ದನ್ನು ಕೂಡಿಸಿದರೆ 125% ಆಗುತ್ತೆ. ಎಂಟು ಸಾವಿರಕ್ಕೆ ಹತ್ತು ಸಾವಿರ, ಜಿಎಸ್‌ಟಿ ಬೇರೆ. ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಕಟ್ಟೋ ಬೆಲೆ) ಇಳಿದ ಹಾಗೆ ಸ್ವಲ್ಪ ಕಮ್ಮಿಯಾಗಬಹುದು, ಆದರೂ ಒಂಬತ್ತಕ್ಕೆ ಮೋಸ ಇಲ್ಲ.

ಸರಿ, ವಾಪಸ್ ತಗೊಳ್ಳೋಣ ಅಂತ ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. "ನೋಟ್ ಮಾಡ್ಕೊಂಡಿದ್ದೀವಿ ಸರ್" ಅಂದರು. ಎಲ್ಲಿ ಮಾಡಿಕೊಂಡರೋ! ಏಜೆಂಟಿಗೆ ಹೇಳಿದರೆ, ಸುಮ್ನೆ ಬಿಡಿ, ತಾನಾಗೇ ಕ್ಲೋಸ್ ಆಗುತ್ತೆ ಅಂದರು. ನಂಬಿ ಒಂದೂವರೆ ತಿಂಗಳು ಕೂತೆ. ರಿನ್ಯೂವಲ್ ಕೋಟ್ ಬಂತು, ಎನ್‌ಸಿಬಿ ಸೊನ್ನೆ. ಒಳಗೆ ಕ್ಲೇಮ್ ಇನ್ನೂ ಓಪನ್ ಆಗೇ ಇತ್ತು. ಇನ್ನೊಬ್ಬರು, ಬೇರೆ ಕಂಪನಿಗೆ ಹೋಗಿ "ಕ್ಲೇಮ್ ಇಲ್ಲ" ಅಂತ ಟಿಕ್ ಮಾಡಿ ಅಂದರು. ಅದಕ್ಕೆ ಕೈ ಹಾಕಲಿಲ್ಲ. ಕಂಪನಿಗಳು ಒಂದನ್ನೊಂದು ಕೇಳಿ ನೋಡುತ್ತವೆ. ನಾಳೆ ದೊಡ್ಡ ಆಕ್ಸಿಡೆಂಟ್ ಆದ ದಿನ ಇದನ್ನೇ ಹಿಡಿದುಕೊಂಡರೆ?

ಕೊನೆಗೆ ಕೆಲಸ ಮಾಡಿದ್ದು ಐದೇ ಸಾಲಿನ ಒಂದು ಮೇಲ್. ಪಾಲಿಸಿ ನಂಬರ್, ಕ್ಲೇಮ್ ನಂಬರ್, ಗಾಡಿ ನಂಬರ್. ರಿಪೇರಿ ಸ್ವಂತ ಖರ್ಚಿನಲ್ಲಿ ಮಾಡಿಸಿದ್ದೇನೆ, ಕಂಪನಿಯಿಂದ ನನಗಾಗಲಿ ವರ್ಕ್‌ಶಾಪಿಗಾಗಲಿ ಒಂದು ರೂಪಾಯಿಯೂ ಬಂದಿಲ್ಲ, ಕ್ಲೇಮನ್ನು ಪೇಮೆಂಟ್ ಇಲ್ಲದೆ ಮುಚ್ಚಿ, ಎನ್‌ಸಿಬಿಗೆ ತೊಂದರೆ ಇಲ್ಲ ಅಂತ ಬರೆದು ಕೊಡಿ. ಕೊನೆಯ ಆ "ಬರೆದು ಕೊಡಿ" ಬಿಡಲೇಬಾರದು. ಫೋನಿನಲ್ಲಿ ವಾರಗಟ್ಟಲೆ ಆಗದ್ದು ನಾಲ್ಕು ದಿನಕ್ಕೆ ಆಯಿತು. ಮೇಲ್ ಕಾಪಿಯಲ್ಲಿ ಇನ್ನೂ ಒಂದು ವಿಳಾಸ ಹಾಕಿದ್ದೆ. ಅದು ಯಾವುದು ಅಂತ ಇಲ್ಲಿ ಹೇಳಲ್ಲ, ಎಲ್ಲರೂ ಹಾಕಿದರೆ ಅದರ ಬೆಲೆ ಹೋಗುತ್ತೆ. ಉತ್ತರ ಬಂದ ಮೇಲೆ ಅದನ್ನೇ ರಿನ್ಯೂವಲ್‌ನವರಿಗೆ ಕಳಿಸಿದೆ, ಕೋಟ್ ಬದಲಾಯಿತು.

ಇದೆಲ್ಲ ನಡೆದದ್ದು ದುಡ್ಡು ಇನ್ನೂ ಹೋಗಿರಲಿಲ್ಲ ಅಂತ. ಭಾವ ನಕ್ಕಿದ್ದಕ್ಕೂ ಕಾರಣ ಇದೆ. ಎರಡು ವರ್ಷದ ಹಿಂದೆ ಅವರೂ ವಾಪಸ್ ತಗೊಳ್ಳೋಕೆ ಹೋಗಿದ್ದರು, ಅಷ್ಟರಲ್ಲಿ ಬಿಲ್ ಸೆಟಲ್ ಆಗಿತ್ತು. ಇನ್ನೊಂದು, ಯಾರಿಗಾದರೂ ಪೆಟ್ಟಾಗಿದ್ದರೆ, ಪೊಲೀಸ್ ಕೇಸ್ ಇದ್ದರೆ ಈ ಆಟ ಆಡಬೇಡಿ. ನನ್ನದು ಮಾವನ ಕಂಬ, ಬೈಗುಳದಲ್ಲೇ ಮುಗೀತು. ಸರ್ವಿಸ್ ಸೆಂಟರಿನವರು ಬಂಪರ್ ಬಿಚ್ಚಿದ್ದಕ್ಕೆ 800 ಕೇಳಿದರು, 500ಕ್ಕೆ ಒಪ್ಪಿಸಿದೆ.

ಮೇಸ್ತ್ರಿಗೆ ಕೊಡೋ ಮೊದಲು ನನ್ನದೂ ಒಂದು ಪ್ರಯೋಗ ಆಯಿತು. ಬಂಪರಿಗೆ ಕುದಿಯೋ ನೀರು ಸುರಿದು ಒಳಗಿಂದ ತಳ್ಳಿದೆ. ತಗ್ಗು ಮುಕ್ಕಾಲು ಪಾಲು ಎದ್ದಿತು, ಬಿರುಕು ಮಾತ್ರ ಇನ್ನೊಂದು ಇಂಚು ಉದ್ದವಾಯಿತು. ಗೀರಿಗೆ ಟೂತ್‌ಪೇಸ್ಟ್ ಉಜ್ಜಿದೆ. ಗಾಡಿ ಘಮ ಅಂದಿತು, ಗೀರು ಅಲ್ಲೇ ಇತ್ತು. ಮೇಸ್ತ್ರಿ ಹೊಸ ಬಂಪರ್ ಹಾಕದೆ ಹಳೇದನ್ನೇ ಒಳಗಿಂದ ಬೆಸೆದು ಪೇಂಟ್ ಹೊಡೆದರು. ಹತ್ತಿರ ಬಗ್ಗಿ ನೋಡಿದರೂ ಗೊತ್ತಾಗಲ್ಲ.

ಅವರ ಹತ್ತಿರ ಬಿಲ್ ಬರೆಸಿಕೊಂಡೆ, ರಿಪೇರಿಗೆ ಮುಂಚೆಯದು, ಆಮೇಲಿನದು ಎರಡೂ ಫೋಟೋ ಇಟ್ಟುಕೊಂಡೆ. ನಾಳೆ ಅದೇ ಮೂಲೆಗೆ ಏಟು ಬಿದ್ದರೆ ಸರ್ವೇಯರ್ "ಇದು ಹಳೇ ಡ್ಯಾಮೇಜ್" ಅನ್ನಬಾರದಲ್ವಾ?

ಮೊನ್ನೆ ಭಾವನ ಗಾಡಿ ಮತ್ತೆ ಎಲ್ಲೋ ಉಜ್ಜಿದೆಯಂತೆ. ಈ ಸಲ ಕ್ಲೇಮ್ ಹಾಕೋ ಮೊದಲೇ ನನಗೆ ಫೋನ್ ಬಂತು.