ಡೈರಿಯಲ್ಲಿ ಎರಡು ಸಾಲು, ಚೀಟಿಯಲ್ಲಿ ಒಂದು

ಉಡುಪಿಯ ಅಜ್ಜರಕಾಡಿನ ಟ್ರ್ಯಾಕಿನಲ್ಲಿ 400, 800 ಮೀಟರ್ ಓಡುವ ಮಕ್ಕಳ ಕೈಗೆ, ಮನಸ್ಸಿನ ಭಾರ ಬರೆಯಿರಿ ಎಂದು ಪೆನ್ನು ಕೊಟ್ಟಾಗ ಉಳಿದ ಕೋಚ್‌ಗಳು ಕೇಳಿದ್ದು ಒಂದೇ ಮಾತು: "ಬರೆದರೆ ಟೈಮಿಂಗ್ ಇಳೀತದಾ ಮಾರಾಯ್ರೆ?" ಟೈಮಿಂಗ್ ಇಳಿಯುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ. ಇಳಿದದ್ದು ಓಟ ಬಿಟ್ಟು ಹೋಗುವವರ ಲೆಕ್ಕ. ಮೊದಲು ಮೂವತ್ತು ಮಂದಿಯಲ್ಲಿ ಏಳೆಂಟು ಮಂದಿ ಸೀಸನ್ ಮಧ್ಯೆ ಹೇಳದೆ ಕೇಳದೆ ನಿಲ್ಲುತ್ತಿದ್ದರು. ಈಗ ಇಬ್ಬರೋ ಮೂವರೋ, ಅದೂ ಕಾರಣ ಹೇಳಿಯೇ ಹೋಗುತ್ತಾರೆ. ಇದಕ್ಕೆ ನಾಲ್ಕು ಸೀಸನ್ ಹಿಡಿಯಿತು, ಐವತ್ತೈದು ಸಾವಿರ ರೂಪಾಯಿಯ ಹತ್ತಿರ ಹೋಯಿತು. ಈಗ ಅದೇ ಕೋಚ್‌ಗಳು ನನ್ನ ಡೈರಿಯ ಪುಟದ ಫೋಟೋ ಕೇಳುತ್ತಾರೆ.

ಶುರು ಮಾಡಿದ್ದು ಪ್ರಶ್ನಾವಳಿಯಿಂದ. ಕ್ರೀಡಾಪಟುಗಳ ಮಾನಸಿಕ ಆರೋಗ್ಯ ನೋಡಲು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮಾಡಿದ ಪರಿಕರದಲ್ಲಿ ಮೊದಲ ಹಂತಕ್ಕೆ ಹತ್ತು ಪ್ರಶ್ನೆಗಳಿವೆ, ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 17 ಮುಟ್ಟಿದರೆ ಮುಂದಿನ ಹಂತ. ಅದು 16 ವರ್ಷ ತುಂಬಿದ ಉನ್ನತ ಮಟ್ಟದ ಕ್ರೀಡಾಪಟುಗಳಿಗೆಂದು, ವೈದ್ಯರು ಮತ್ತು ಪರವಾನಗಿ ಇರುವ ತಜ್ಞರು ಬಳಸಲೆಂದು ಮಾಡಿದ್ದು. ಕೋಚ್ ಬಳಸಬೇಕಾದದ್ದು ಬೇರೆ, ಲಕ್ಷಣ ಗುರುತಿಸುವ ಸರಳ ಪಟ್ಟಿ. ಈ ವ್ಯತ್ಯಾಸ ನೋಡದೆ ಮೂರು ಸಾವಿರ ಕೊಟ್ಟು ಇಡೀ ಫಾರಂ ಕನ್ನಡಕ್ಕೆ ಮಾಡಿಸಿದೆ. ಅನುವಾದದಲ್ಲಿ ಒಂದು ಕಡೆ "ಉದಾಸೀನ" ಎಂದು ಬಂದಿತ್ತು. ನಮ್ಮ ಕರಾವಳಿಯಲ್ಲಿ ಉದಾಸೀನ ಅಂದರೆ ಮೈಗಳ್ಳತನ. ಕೋಚ್ ಕೈಗೆ ಹೋಗುವ ಕಾಗದದಲ್ಲಿ "ನನಗೆ ಉದಾಸೀನ" ಎಂದು ಯಾವ ಓಟಗಾರ ಗುರುತು ಹಾಕುತ್ತಾನೆ? ಮೂವತ್ತು ಫಾರಂಗಳಲ್ಲಿ ಇಪ್ಪತ್ತಾರರಲ್ಲಿ ಎಲ್ಲವೂ ಒಂದೇ ಅಂಕ. "ಮಾನಸಿಕ ಒತ್ತಡ" ಎಂಬ ಪದಕ್ಕೂ ಅದೇ ಗತಿ. ಅದನ್ನು "ಮಂಡೆಬೆಚ್ಚ" ಎಂದು ಬದಲಿಸಿದ ದಿನ ಅಂಕಗಳು ಅಲುಗಾಡಿದವು.

ಫಾರಂ ಬಳಸುವವರಿಗೆ ಒಂದು ಎಚ್ಚರಿಕೆ. ಮುಂದಿನ ಹಂತದಲ್ಲಿ ಬರುವ ಖಿನ್ನತೆಯ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಕೊನೆಯದು ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಉತ್ತರ "ಇಲ್ಲವೇ ಇಲ್ಲ" ಅಲ್ಲದೆ ಬೇರೆ ಏನೇ ಬಂದರೂ ಆ ದಿನವೇ ಆ ಹುಡುಗನ ಜೊತೆ ಕೂತು ಮಾತಾಡುವ ತಜ್ಞರು ಇಲ್ಲದಿದ್ದರೆ ಆ ಪಟ್ಟಿ ಹಂಚಬೇಡಿ. ಸಂಜೆ ತುಂಬಿಸಿ ಬ್ಯಾಗಿಗೆ ಹಾಕಿ ಭಾನುವಾರ ಓದುವ ಕಾಗದ ಅದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ನಮ್ಮ ಡೈರಿಯ ಒಳರಟ್ಟಿನಲ್ಲಿ ಅಂಟಿಸಿದೆ. ಕನ್ನಡದಲ್ಲಿ ಮಾತಾಡಬಹುದು, ರಾತ್ರಿಯೂ ತೆಗೆಯುತ್ತಾರೆ.

ಎರಡನೇ ಸೀಸನ್ನಿಗೆ ಹಿಡಿದದ್ದು ಆಟಗಾರರೇ ಬರೆದ ಲೇಖನಗಳನ್ನು. 2018ರಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಕೆವಿನ್ ಲವ್ ಪಂದ್ಯದ ನಡುವೆ ತನಗಾದ ಪ್ಯಾನಿಕ್ ಅಟ್ಯಾಕ್ ಬಗ್ಗೆ ಬರೆದರು. 2021ರಲ್ಲಿ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಫ್ರೆಂಚ್ ಓಪನ್ ಬಿಡುವಾಗ ಹೇಳಿಕೆ ಬರೆದು ಹಾಕಿದರು. ಎರಡೂ ಸ್ವಂತ ಮಾತೇ, ಆದರೆ ಮಾಡುವ ಕೆಲಸ ಬೇರೆ. ಲವ್ ಲೇಖನ ಎದೆಬಡಿತ, ಉಸಿರು ಹೀಗೆ ದೇಹದ ಮೂಲಕ ಒಳಗೆ ಕರೆದೊಯ್ಯುತ್ತದೆ. ರೋಗದ ಹೆಸರು ಗೊತ್ತಿಲ್ಲದ ಹುಡುಗನಿಗೂ "ನನಗೂ ಹೀಗೇ ಆಗಿತ್ತು" ಅನಿಸುತ್ತದೆ. ಒಸಾಕಾ ಹೇಳಿಕೆ ಒಂದು ನಿರ್ಧಾರದ ಕಾಗದ. "ಇದು ನನ್ನಿಂದ ಆಗುವುದಿಲ್ಲ" ಎಂದು ಸಂಘಟಕರಿಗೆ, ಪತ್ರಕರ್ತರಿಗೆ ಹೇಗೆ ಹೇಳಬೇಕು ಎಂಬುದಕ್ಕೆ ಮಾದರಿ. ಹುಷಾರಿಲ್ಲವೆಂದು ಮೀಟ್‌ನಿಂದ ಹೆಸರು ಹಿಂತೆಗೆಯಲು ಗೊತ್ತಿಲ್ಲದೆ ಟ್ರ್ಯಾಕಿಗೆ ಇಳಿದು ಕುಸಿಯುವ ಮಕ್ಕಳಿಗೆ ನಾಲ್ಕು ಸಾಲಿನ ಇಂಥ ಪತ್ರ ಬರೆಯಲು ಕಲಿಸಿದ್ದು ಪ್ರಯೋಜನಕ್ಕೆ ಬಂತು.

ಎಡವಿದ್ದು ಓದಿಸಿದ ಕೂಡಲೇ ಬರೆಯಲು ಹೇಳಿದ್ದರಲ್ಲಿ. ಹತ್ತು ಮಂದಿಯ ಪುಸ್ತಕದಲ್ಲಿ ಲವ್ ಅವರದೇ ವಾಕ್ಯಗಳು, ಹೆಸರು ಮಾತ್ರ ಬೇರೆ. ಚಂದದ ಲೇಖನ ಓದಿದ ಮಕ್ಕಳು ಚಂದವಾಗಿ ಬರೆಯಲು ಹೊರಡುತ್ತಾರೆ, ತಮ್ಮದನ್ನು ಬಿಡುತ್ತಾರೆ. ಈಗ ಓದುವುದಕ್ಕೂ ಬರೆಯುವುದಕ್ಕೂ ನಡುವೆ ಹತ್ತು ದಿನವಾದರೂ ಬಿಡುತ್ತೇನೆ. ಇನ್ನೊಂದು ತೊಡಕು: ಇಂಥವನ್ನು ಬರೆಯುವವರು ಹೆಚ್ಚಾಗಿ ಗೆದ್ದು ಮೇಲೆ ಬಂದವರು. ಜಿಲ್ಲಾ ಮೀಟ್‌ನಲ್ಲಿ ಆರನೆಯವನಾದ ಹುಡುಗನಿಗೆ ಅದು ದೂರದ ಮಾತು.

ಮೂರನೆಯದು ಅಮೆರಿಕದ ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್ ಅವರ ಪದ್ಧತಿ: ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಮನಸ್ಸಿನ ಆಳದ್ದನ್ನು ತಪ್ಪು ಒಪ್ಪು ನೋಡದೆ ಬರೆಯುವುದು. ಪದ್ಧತಿ ಸರಿ ಉಂಟು, ನಾನು ಹಿಡಿದ ಸಮಯ ತಪ್ಪು. ಮಂಗಳೂರಿನ ಮಂಗಳಾ ಸ್ಟೇಡಿಯಂನ ಮೀಟ್‌ಗೆ ಐದು ದಿನ ಇರುವಾಗ ಬರೆಸಿದೆ. ಬರೆದ ತಕ್ಷಣ ಮನಸ್ಸು ಇನ್ನಷ್ಟು ಭಾರವಾಗುತ್ತದೆ, ಹಗುರಾಗುವುದು ಆಮೇಲೆ. ನಮ್ಮ 400 ಮೀಟರ್‌ನವರು ಆ ಭಾರ ಹೊತ್ತೇ ಓಟ ಶುರುವಿನ ಬ್ಲಾಕ್‌ಗೆ ಹೋದರು. ಈಗ ಇದನ್ನು ಜೂನ್ ಕೊನೆಗೆ, ಮಳೆಗೆ ಟ್ರ್ಯಾಕ್ ಕೆಲಸ ಕಡಿಮೆ ಇರುವಾಗ, ಆಪ್ತ ಸಲಹೆಗಾರರ ಎದುರಿನಲ್ಲೇ ಮಾಡಿಸುತ್ತೇವೆ. ಬರೆದ ಹಾಳೆ ಬರೆದವರ ಬಳಿಯೇ ಇರುತ್ತದೆ.

ಇಷ್ಟು ಆದ ಮೇಲೆ ತಿಳಿದದ್ದು: ಬರಹದ ಬಗೆ ಯಾವುದೇ ಇರಲಿ, ಮಕ್ಕಳು ಮೊದಲು ನೋಡುವುದು ಇದನ್ನು ಓದುವವರು ಯಾರು ಎಂದು. ರಿಲೇ ತಂಡಕ್ಕೆ ಆರಿಸುವವನು ನಾನು. ನಾನೇ ಓದಿದರೆ ನಿಜ ಎಲ್ಲಿಂದ ಬರಬೇಕು? ಹಾಗಾಗಿ ಓದುವವರನ್ನು ಬೇರೆ ಮಾಡಿದೆ.

ಅಭ್ಯಾಸದ ಡೈರಿ ಹೇಗೂ ಎಲ್ಲರ ಬಳಿ ಇರುತ್ತದೆ. ಎಡಗಡೆ ಸೆಟ್, ಸ್ಪ್ಲಿಟ್ (ಓಟದ ಒಂದೊಂದು ಭಾಗಕ್ಕೆ ಹಿಡಿದ ಸಮಯ), ನಿದ್ದೆಯ ಗಂಟೆ, ಬೆಳಗಿನ ನಾಡಿ. ಬಲಗಡೆ ಎರಡೇ ಸಾಲು: ಮಂಡೆ ಎಷ್ಟು ಬೆಚ್ಚ, 0ರಿಂದ 10. ಮೈಯಲ್ಲಿ ಎಲ್ಲಿ ಗೊತ್ತಾಗ್ತದೆ: ಎದೆ, ಹೊಟ್ಟೆ, ಕುತ್ತಿಗೆ, ಕಾಲು, ಎಲ್ಲೂ ಇಲ್ಲ. ಮೊಣಕಾಲ ನೋವಿನ ಪಕ್ಕದಲ್ಲೇ ಇದೂ ಇರುವುದರಿಂದ ಯಾರಿಗೂ ನಾಚಿಕೆಯಿಲ್ಲ. ಕೂಲ್‌ಡೌನ್ ಮುಗಿದು ಸ್ಪೈಕ್ಸ್ ಬಿಚ್ಚುವ ಮೊದಲು ಬರೆಯಬೇಕು, ಒಂದೂವರೆ ನಿಮಿಷ ಸಾಕು. ಮನೆಗೆ ಕೊಟ್ಟರೆ ಶನಿವಾರ ರಾತ್ರಿ ಇಡೀ ವಾರದ್ದನ್ನು ಒಟ್ಟಿಗೆ ತುಂಬಿಸುತ್ತಾರೆ. ಏಳು ದಿನವೂ ಒಂದೇ ಶಾಯಿ, ಒಂದೇ ಅಂಕ ಕಂಡರೆ ಅದೇ ಕಥೆ. ಜೆಲ್ ಪೆನ್ ಬೇಡ, ಬೆವರಿಗೆ ಕದಡುತ್ತದೆ.

ಈ ಎರಡು ಸಾಲು ನಾನು ಓದುತ್ತೇನೆ. ಮೂರನೆಯ ಸಾಲು ಎ4 ಹಾಳೆಯ ಕಾಲು ಭಾಗದ ಚೀಟಿಯಲ್ಲಿ, ಹೆಸರಿಲ್ಲದೆ ಬಿಬ್ ಸಂಖ್ಯೆ (ಓಟಗಾರರ ಎದೆಗೆ ಹಾಕುವ ಸಂಖ್ಯೆ) ಮಾತ್ರ ಹಾಕಿ ಬೀಗದ ಪೆಟ್ಟಿಗೆಗೆ. ಅದರ ಕೀಲಿ ತಿಂಗಳಿಗೆ ಎರಡು ಸಲ ಬರುವ ಸಲಹೆಗಾರರ ಬಳಿ. ನಾನು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಜೀವಕ್ಕೆ ಅಪಾಯ ಕಂಡರೆ ಮಾತ್ರ ಮನೆಯವರಿಗೆ ತಿಳಿಸುತ್ತೇವೆ. ಇದನ್ನು ಮಕ್ಕಳಿಗೂ, 18 ತುಂಬದವರ ತಂದೆತಾಯಿಗೂ ಮೊದಲ ದಿನವೇ ಹೇಳಿ ಸಹಿ ಹಾಕಿಸಿದ್ದೇವೆ. ಹದಿನೈದು ದಿನಕ್ಕೊಮ್ಮೆ ತೆರೆಯುವ ಪೆಟ್ಟಿಗೆ, ತುರ್ತು ಇದ್ದರೆ ಚೀಟಿ ಹಾಕಿ ಕಾಯಬಾರದು, ಫೋನ್ ಮಾಡಬೇಕು ಎಂದು ಪೆಟ್ಟಿಗೆಯ ಮೇಲೆಯೇ ಬರೆದಿದೆ. ಚೀಟಿಯ ಪ್ರಶ್ನೆ ಏನು, ಅದನ್ನು ಹಂಚುವ ಕ್ರಮ ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಾದರೆ ಮಕ್ಕಳು ಉತ್ತರ ಮೊದಲೇ ತಯಾರು ಮಾಡಿಕೊಂಡು ಬರುತ್ತಾರೆ.

ನನ್ನ ಲೆಕ್ಕ ಹೀಗೆ: ತನ್ನದೇ ಸರಾಸರಿಗಿಂತ ಎರಡು ಅಂಕ ಮೇಲೆ ವಾರದಲ್ಲಿ ಐದು ದಿನ ಬಂದು, ನಿದ್ದೆ ಆರು ಗಂಟೆಗಿಂತ ಇಳಿದರೆ ಆ ಮಗುವನ್ನು ಕರೆದು ಮಾತಾಡಿಸುತ್ತೇನೆ. ಇದು ರೋಗ ಪತ್ತೆಯ ಸೂತ್ರವೆಂದು ಯಾರೂ ಹಿಡಿಯಬೇಡಿ. ಒಬ್ಬರ ಅಂಕವನ್ನು ಇನ್ನೊಬ್ಬರದಕ್ಕೆ ಹೋಲಿಸಲೂ ಬಾರದು, ಕೆಲವರ 3 ಉಳಿದವರ 8ಕ್ಕೆ ಸಮ. ತುಂಬ ದಿನ ಸೊನ್ನೆಯೇ ಬರೆಯುವವರನ್ನು ನಾನು ಹೆಚ್ಚು ಗಮನಿಸುತ್ತೇನೆ.

ನಡುವೆ ಪತ್ರಿಕೆಯ ವರದಿಗಳ ಮೇಲೂ ಕೈಯಾಡಿಸಿದೆವು. ಮೀಟ್ ಮರುದಿನದ ಕಟಿಂಗ್ ತಂದು "ಮುಗ್ಗರಿಸಿದರು", "ನಿರಾಸೆ ಮೂಡಿಸಿದರು", "ಕೈಚೆಲ್ಲಿದರು" ಮುಂತಾದ ಕ್ರಿಯಾಪದಗಳಿಗೆ ಗೆರೆ ಹಾಕಿಸಿ, ಅದೇ ಓಟವನ್ನು ಸ್ಪ್ಲಿಟ್ ಹಾಕಿ ಪುನಃ ಬರೆಸಿದೆ: "ಮೊದಲ 200 ಅನ್ನು 24.8ರಲ್ಲಿ ಓಡಿ, ಕೊನೆಯ 100ರಲ್ಲಿ ಕಾಲು ಗಟ್ಟಿಯಾಯಿತು." ವರದಿ ಬರೆದವರ ತಪ್ಪೇನಿಲ್ಲ, ಅವರಿಗೆ ಎರಡು ಇಂಚು ಜಾಗ, ಫಲಿತಾಂಶವೇ ಸುದ್ದಿ. ಆದರೆ ಸೋತವನು ಆ ಕ್ರಿಯಾಪದವನ್ನೇ ತನ್ನ ಹೆಸರು ಮಾಡಿಕೊಳ್ಳುತ್ತಾನೆ. ಇದು ನಾನೆಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ವಾಟ್ಸಾಪ್ ವಾಯ್ಸ್ ಮೆಸೇಜ್ ಪ್ರಯೋಗ ಮೂರೇ ವಾರಕ್ಕೆ ನಿಂತಿತು, ಹಾಸ್ಟೆಲ್ ಕೋಣೆಯಲ್ಲಿ ನಾಲ್ವರ ಎದುರು ಯಾರು ಮಾತಾಡುತ್ತಾರೆ?

ಹಣದ ವಿಷಯ. ಬಣ್ಣದ ಡೈರಿ ಅರುವತ್ತು ಪ್ರತಿ ಅಚ್ಚು ಹಾಕಿಸಿ ಏಳು ಸಾವಿರ ಕಳೆದೆ, ಕಾಲಂ ಬದಲಿಸಿದ ಕೂಡಲೇ ಎಲ್ಲ ರದ್ದಿ. ಈಗ ಐವತ್ತು ರೂಪಾಯಿಯ ನೋಟ್‌ಬುಕ್, ಮುನ್ನೂರೈವತ್ತಕ್ಕೆ ಮಾಡಿಸಿದ ರಬ್ಬರ್ ಸ್ಟ್ಯಾಂಪ್. ಎರಡು ಸಾಲನ್ನು ಪುಟದ ಬಲಗಡೆ ಒತ್ತಿದರೆ ಆಯಿತು. ನೋಟ್‌ಬುಕ್, ಜೆರಾಕ್ಸ್ ಎಲ್ಲ ಸೇರಿ ಎಂಟು ಸಾವಿರ ಆಗಿರಬಹುದು. ದೊಡ್ಡ ಖರ್ಚು ಸಲಹೆಗಾರರದು, ಸಲಕ್ಕೆ ಒಂದೂವರೆ ಸಾವಿರದಂತೆ ಎರಡು ಸೀಸನ್‌ಗೆ ಮೂವತ್ತಾರು ಸಾವಿರ. ಉಳಿಸಲು ಹೊರಟು ಇದನ್ನು ಕಡಿತ ಮಾಡಬೇಡಿ, ಚೀಟಿ ಓದುವವರಿಲ್ಲದ ಪೆಟ್ಟಿಗೆ ಇಡುವುದು ಮಕ್ಕಳಿಗೆ ಮಾಡುವ ಮೋಸ.

ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಸ್ಟು ಹಿಡಿಯುತ್ತದೆ, ಸ್ಟೋರ್‌ರೂಮಿನಲ್ಲಿ ಇಡಬೇಡಿ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಚೀಲ ಹಾಕಿ ಇಟ್ಟರೆ ಸರಿ. ಸೀಸನ್ ಮುಗಿದ ಮೇಲೆ ಡೈರಿ ಓಟಗಾರರಿಗೆ ವಾಪಸ್, ಚೀಟಿಗಳನ್ನು ಸಲಹೆಗಾರರು ಅವರವರ ಎದುರೇ ಹರಿಯುತ್ತಾರೆ.