ಬೆಟ್ಟ ಇಳಿಯುವ ಮಂಡಿಗೆ ಯಾವ ನೀ ಕ್ಯಾಪ್?

ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತುವಾಗ ಏದುಸಿರು ಬರುತ್ತದೆ, ಮಂಡಿ ಸುಮ್ಮನಿರುತ್ತದೆ. 1,748 ಮೀಟರ್ ಎತ್ತರದ ತುದಿ ಮುಟ್ಟಿ ನಾಲ್ಕುನಾಡು ಅರಮನೆಯ ಕಡೆಗೆ ತಿರುಗಿ ಇಳಿಯತೊಡಗಿದ ಮೇಲೆ ಅದರ ತಕರಾರು ಶುರು. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರವನ್ನು ತಡೆದು ನಿಧಾನವಾಗಿ ಬಿಡಬೇಕು. ಆ ಎಳೆತಕ್ಕೆ ಮಂಡಿಚಿಪ್ಪು ಹಿಂದಿನ ಮೂಳೆಗೆ ಒತ್ತಿಕೊಳ್ಳುತ್ತದೆ. ಕುಮಾರಪರ್ವತದಿಂದ ಕುಕ್ಕೆಯ ಕಡೆಗೆ ಇಳಿದರಂತೂ 1,500 ಮೀಟರಿಗೂ ಹೆಚ್ಚು ಇಳಿಜಾರು. ನೀ ಕ್ಯಾಪ್ ಕೊಳ್ಳಬೇಕಾದದ್ದು ಈ ಇಳಿಜಾರಿಗಾಗಿ. ಅಂಗಡಿಯ ನುಣುಪು ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿ ನೋಡಿದರೆ ಎಲ್ಲ ಕ್ಯಾಪೂ ಚೆನ್ನಾಗಿಯೇ ಇರುತ್ತದೆ.

ಮೊದಲು ನೋವಿರುವ ಜಾಗದ ಮೇಲೆ ಒಂದು ಬೆರಳಿಡಿ. ಚಿಪ್ಪಿನ ಸುತ್ತ ಅಥವಾ ಹಿಂದೆ ಮಂದವಾದ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ, ಹೊತ್ತು ಕೂತು ಎದ್ದಾಗಲೂ ಇದೆ ಎಂದಾದರೆ ಚಿಪ್ಪಿನ ಜಾಗದಲ್ಲಿ ತೂತಿದ್ದು ಸುತ್ತ ಮೆತ್ತನೆಯ ಉಂಗುರವಿರುವ ಕ್ಯಾಪ್ ನೋಡಿ. ಚಿಪ್ಪಿನ ಕೆಳಗೆ, ಅದಕ್ಕೂ ಮಂಡಿಯ ಕೆಳಗಿನ ಕಾಲಿನ ಮೂಳೆಯ ಉಬ್ಬಿಗೂ ನಡುವಿನ ಗಟ್ಟಿ ನರದಂಥ ಭಾಗದಲ್ಲೇ ಚುಚ್ಚಿದರೆ ಇಡೀ ಕ್ಯಾಪ್ ಬೇಡ, ಆ ಭಾಗವನ್ನು ಅಡ್ಡವಾಗಿ ಒತ್ತುವ ಕಿರಿದಾದ ಪಟ್ಟಿ ಸಾಕು. ಅದನ್ನು ಚಿಪ್ಪಿನ ಮೇಲೆಯೇ ಕಟ್ಟಿಕೊಂಡರೆ ನೋವು ಹೆಚ್ಚುತ್ತದೆ. ಜಾಗ ಗೊತ್ತಾಗದ ಆಯಾಸ, ಚಳಿಗೆ ಬಿಗಿಯುವ ಮಂಡಿ, ಹಳೆಯ ಸವೆತ ಇದ್ದರೆ ಹೆಣೆದ ಬಟ್ಟೆಯ ಸಾದಾ ಕ್ಯಾಪ್ ಸಾಕು. ಅದು ಮೂಳೆಯನ್ನು ಹಿಡಿದು ನಿಲ್ಲಿಸುವುದಿಲ್ಲ. ಬೆಚ್ಚಗಿಡುತ್ತದೆ, ಮೆಲ್ಲಗೆ ಒತ್ತುತ್ತದೆ, ಮಂಡಿಯ ಮೇಲೆ ನಿಮ್ಮ ಗಮನ ಇರುವಂತೆ ಮಾಡುತ್ತದೆ.

ಇಕ್ಕೆಲದಲ್ಲಿ ಲೋಹದ ಕೀಲುಗಳಿರುವ ದೊಡ್ಡ ಬ್ರೇಸ್ ಬೇರೆಯದೇ ಲೆಕ್ಕ. ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜು (ಲಿಗಮೆಂಟ್) ಹರಿದವರಿಗೆ, ಮಂಡಿ ಪಕ್ಕಕ್ಕೆ ವಾಲುವವರಿಗೆ ಮೂಳೆ ವೈದ್ಯರು ಹೇಳಿ ಹಾಕಿಸುವುದು ಅದು. ದುಬಾರಿಯದು ಒಳ್ಳೆಯದೇ ಇರಬೇಕೆಂದು ತಂದರೆ ಭಾರ, ಬೆವರು, ಕೀಲು ತಾಗಿ ತರಚು, ಅಷ್ಟೇ ಲಾಭ.

ಅಳತೆಯಲ್ಲಿ ಎಡವುವವರೇ ಹೆಚ್ಚು. ಪ್ಯಾಂಟಿನ ಸೈಜು ಹೇಳಿ ಕ್ಯಾಪ್ ಕೇಳಬೇಡಿ. ದರ್ಜಿಯ ಟೇಪು ತೆಗೆದುಕೊಂಡು ಬರಿಗಾಲ ಮೇಲೆ, ನಿಂತುಕೊಂಡು, ಚಿಪ್ಪಿನ ನಟ್ಟನಡುವೆ ಸುತ್ತಳತೆ ನೋಡಿ. ಕೆಲವು ಕಂಪನಿಗಳು ಚಿಪ್ಪಿನಿಂದ 10 ಅಥವಾ 15 ಸೆಂಟಿಮೀಟರ್ ಮೇಲೆ ತೊಡೆಯ ಅಳತೆಯನ್ನೂ ಕೇಳುತ್ತವೆ. ಎಲ್ಲಿ ಅಳೆಯಬೇಕು, ಕಾಲು ನೇರವೋ ತುಸು ಬಾಗಿರಬೇಕೋ ಎಂಬುದು ಡಬ್ಬದ ಮೇಲಿನ ಚಿತ್ರದಲ್ಲಿರುತ್ತದೆ, ಅದರಂತೆಯೇ ಅಳೆಯಿರಿ. ಒಂದು ಕಂಪನಿಯ ಎಂ ಸೈಜು ಇನ್ನೊಂದರ ಎಲ್ ಆಗಿರುವುದು ಮಾಮೂಲು. ಎರಡು ಸೈಜಿನ ನಡುವೆ ಬಿದ್ದರೆ, ಐದಾರು ಗಂಟೆ ನಡೆಯುವವರಿಗೆ ದೊಡ್ಡದೇ ಮೇಲು. ತೊಡೆ ದಪ್ಪ, ಮೀನಖಂಡ ಸಣ್ಣ ಇರುವವರಿಗೆ ಕೊಳವೆಯಾಕಾರದ್ದು ಎಷ್ಟೇ ಬಿಗಿ ಇದ್ದರೂ ಜಾರುತ್ತದೆ. ಅಂಥವರು ಸುತ್ತಿ ವೆಲ್ಕ್ರೋದಿಂದ ಮೇಲೆ ಕೆಳಗೆ ಬೇರೆ ಬೇರೆ ಬಿಗಿಸುವಂಥದ್ದನ್ನು ತೆಗೆದುಕೊಳ್ಳಲಿ. ಒಳಅಂಚಿನಲ್ಲಿ ಸಿಲಿಕೋನ್ ಪಟ್ಟಿ ಇದ್ದರೆ ಹಿಡಿತ ಚೆನ್ನಾಗಿರುತ್ತದೆ, ಆದರೆ ಕೆಲವರ ಚರ್ಮಕ್ಕೆ ಅದು ತುರಿಕೆ ತರುತ್ತದೆ.

ತಂದ ದಿನವೇ ಬೆಟ್ಟಕ್ಕೆ ಹೋಗಬೇಡಿ. ಅಗಲವಾದ ಬಾಯಿ ತೊಡೆಯ ಕಡೆ ಬರುವಂತೆ ಬರಿ ಚರ್ಮದ ಮೇಲೆ ಹಾಕಿ, ಮೇಲಂಚಿನೊಳಗೆ ಎರಡು ಬೆರಳು ಸಲೀಸಾಗಿ ತೂರುತ್ತವೆಯೇ ನೋಡಿ. ಅರ್ಧ ಗಂಟೆ ಮನೆಯಲ್ಲೇ ಓಡಾಡಿ, 20 ಸಲ ಕುಕ್ಕರಗಾಲಲ್ಲಿ ಅರ್ಧ ಕೂತೇಳಿ, ಮೆಟ್ಟಿಲು ಹತ್ತಿಳಿಯಿರಿ. ಮಂಡಿಯ ಹಿಂದೆ ಬಟ್ಟೆ ಮಡಿಕೆಯಾಗಿ ಚುಚ್ಚಿದರೆ ಅದು ಹತ್ತನೇ ಕಿಲೋಮೀಟರಿನಲ್ಲಿ ಗಾಯವಾಗುತ್ತದೆ. ತೆಗೆದ ಮೇಲೆ ಉಳಿದ ಕೆಂಪು ಗೆರೆ ಅರ್ಧ ಗಂಟೆಯಲ್ಲಿ ಮಾಯವಾಗಬೇಕು. ಕಾಲ್ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಬಣ್ಣ ಮರಳದಿದ್ದರೆ ಬಿಗಿ ಜಾಸ್ತಿಯಾಗಿದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು, ಉಬ್ಬಿದ ರಕ್ತನಾಳ ಇರುವವರು ವೈದ್ಯರನ್ನು ಕೇಳದೆ ಬಿಗಿಯಾದದ್ದನ್ನು ಹಾಕಬಾರದು.

ಇನ್ನೊಂದು ಅಭ್ಯಾಸವನ್ನು ಬಿಡಲೇಬೇಕು: ನೋವಿನ ಮುಲಾಮು ತಿಕ್ಕಿ ಅದರ ಮೇಲೆ ಕ್ಯಾಪ್ ಏರಿಸುವುದು. ಬಿಸಿ ಒಳಗೇ ಉಳಿದು ಚರ್ಮ ಸುಟ್ಟಂತಾಗಿ ಬೊಬ್ಬೆ ಏಳಬಹುದು.

ಕೊಡಗಿನಲ್ಲಿ ಬಟ್ಟೆಯ ಆಯ್ಕೆಯನ್ನು ನಿರ್ಧರಿಸುವುದು ಮಳೆ. ದಪ್ಪ ನಿಯೋಪ್ರಿನ್, ಅಂದರೆ ರಬ್ಬರಿನಂಥ ಬಟ್ಟೆ, ಚಳಿಗಾಲದ ಬೆಳಗ್ಗೆ ಹಿತ. ಮಳೆಗಾಲದಲ್ಲಿ ಅದು ನೀರು ಹಿಡಿದು ಭಾರವಾಗುತ್ತದೆ, ಬೇಗ ಆರುವುದಿಲ್ಲ, ಒಳಗಿನ ಚರ್ಮ ಬೆಳ್ಳಗೆ ನೆನೆದು ಉಜ್ಜಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಳು ಹೆಣಿಗೆಯದೇ ಸರಿ. ಜಿಗಣೆ ಕಾಲದಲ್ಲಿ ಹಾಕುವ ಲೀಚ್ ಸಾಕ್ಸಿನ ದಾರ ಸರಿಯಾಗಿ ಕ್ಯಾಪಿನ ಕೆಳಅಂಚಿನ ಮೇಲೆ ಬರುತ್ತದೆ. ಎರಡು ಬಿಗಿ ಒಂದೇ ಜಾಗದಲ್ಲಿ ಬಿದ್ದರೆ ಪಾದ ಜೋಮು ಹಿಡಿಯುವುದು ಖಂಡಿತ. ದಾರವನ್ನು ಎರಡು ಬೆರಳು ಕೆಳಗಿಳಿಸಿ ಸಡಿಲವಾಗಿ ಕಟ್ಟಿ. ಕ್ಯಾಪಿನ ತೂತಿರುವ ಭಾಗ ಪ್ಯಾಂಟಿನೊಳಗೇ ಇರಲಿ, ಜಿಗಣೆಗೆ ಅದು ತೆರೆದ ಬಾಗಿಲು.

ಹತ್ತುವಾಗ ಕ್ಯಾಪನ್ನು ಚೀಲದಲ್ಲಿಟ್ಟು, ತುದಿಯಲ್ಲಿ ಬೆವರು ಒರೆಸಿ ಹಾಕಿಕೊಂಡರೂ ನಡೆದೀತು. ಜೀಪಿನಲ್ಲಿ ಕೂತಾಗ, ಮಲಗುವಾಗ ತೆಗೆಯಿರಿ. ಕೈಯಲ್ಲಿ ಕೋಲಿಲ್ಲದೆ ಬರಿ ಕ್ಯಾಪ್ ನಂಬಿ ಇಳಿಯುವುದು ಮಾತ್ರ ಅರೆಬರೆ ಕೆಲಸ, ಯಾಕೆಂದರೆ ಕ್ಯಾಪ್ ಭಾರ ಹೊರುವುದಿಲ್ಲ, ಕೋಲು ಹೊರುತ್ತದೆ. ಸಮನೆಲದಲ್ಲಿ ಮೊಣಕೈ ಲಂಬಕೋನಕ್ಕೆ ಬರುವ ಎತ್ತರ ಸರಿ. ಇಳಿಯುವಾಗ ಅದನ್ನು 5ರಿಂದ 10 ಸೆಂಟಿಮೀಟರ್ ಉದ್ದ ಮಾಡಿಕೊಂಡು, ಹೆಜ್ಜೆಗಿಂತ ಮೊದಲು ಕೋಲೂರಿ, ಚಿಕ್ಕ ಹೆಜ್ಜೆ ಇಡಿ.

ಮಂಡಿ ಊದಿದರೆ, ನಡುವೆ ಸಿಕ್ಕಿಕೊಂಡು ಬಾಗದೆ ನೇರವಾಗದೆ ನಿಂತರೆ, ಇದ್ದಕ್ಕಿದ್ದಂತೆ ಕುಸಿದರೆ ಹೊಸ ಕ್ಯಾಪ್ ಹುಡುಕಬೇಡಿ, ವೈದ್ಯರಿಗೆ ತೋರಿಸಿ. ಮೀನಖಂಡ ಒಂದೇ ಕಾಲಲ್ಲಿ ಊದಿ ನೋಯುತ್ತಿದ್ದರೆ ಅದೇ ದಿನ ತೋರಿಸಿ.

ಮನೆಗೆ ಬಂದ ಮೇಲೆ ವೆಲ್ಕ್ರೋ ಮುಚ್ಚಿ, ತಣ್ಣೀರಿನಲ್ಲಿ ಸ್ವಲ್ಪ ಸೋಪು ಹಾಕಿ ಕೈಯಲ್ಲೇ ಒಗೆಯಿರಿ. ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಮಳೆಗಾಲದಲ್ಲಿ ಒಲೆಯ ಮೇಲಿನ ಗಳಕ್ಕೆ ನೇತುಹಾಕುವ ಆಸೆಯಾಗುತ್ತದೆ, ಆದರೆ ಬಿಸಿಗೆ ರಬ್ಬರು ಗಟ್ಟಿಯಾಗಿ ಸೀಳುತ್ತದೆ. ಫ್ಯಾನಿನ ಗಾಳಿಗೆ ಹಾಕಿ. ವೆಲ್ಕ್ರೋದಲ್ಲಿ ಸಿಕ್ಕ ಹುಲ್ಲಿನ ಬೀಜವನ್ನು ಹಳೆಯ ಬಾಚಣಿಗೆಯಿಂದ ತೆಗೆಯಬಹುದು. ಒಗೆದು ಆರಿಸಿದ ಮೇಲೂ ನಡೆಯುವಾಗ ಕೆಳಗೆ ಜಾರುತ್ತಿದ್ದರೆ ಅದರ ಎಲಾಸ್ಟಿಕ್ ಸತ್ತಿದೆ; ಹೊಸದು ತರುವ ಮೊದಲು ಅಳತೆ ಮತ್ತೊಮ್ಮೆ ತೆಗೆಯಿರಿ.