ನಮ್ಮ ಸರ್ವರ್‌ನ ಪ್ರಾಕ್ಸಿ ಮುಚ್ಚಿದ್ದು ಹೀಗೆ

ಶಿರಸಿಯ ಒಂದು ಅಡಿಕೆ ಸಂಘದ ಸರ್ವರ್ ನಾನು ನೋಡಿಕೊಳ್ಳುತ್ತೇನೆ. ರಾಶಿ, ಚಾಲಿ, ಬೆಟ್ಟೆಯ ದರ ಹಾಕುವ ಸಣ್ಣ ಸೈಟ್ ಅದು. ಮಳೆಗಾಲದ ಒಂದು ಮಧ್ಯಾಹ್ನ ಅಲ್ಲಿನ ಹಿರಿಯ ಗುಮಾಸ್ತರ ಫೋನ್ ಬಂತು: "ಎಂತಾತೋ ತಮಾ, ದರ ಕಾಣ್ತೇ ಇಲ್ಲೆ." ಮಳೆಗೆ ಲೈನ್ ಹೋಗಿರಬೇಕು ಅಂದುಕೊಂಡೆ. ಲೈನ್ ಸರಿಯಾಗೇ ಇತ್ತು.

ಸೈಟಿನ ಪುಟ ಕೊಡುವ ತಂತ್ರಾಂಶ ಅಪಾಚೆ; ಯಾರು ಏನು ಕೇಳಿದರು ಅಂತ ಅದು ಬರೆದಿಡುವ ಆಕ್ಸೆಸ್ ಲಾಗ್ ತೆರೆದೆ. 'ಗೆಟ್' (ಪುಟ ಕೊಡು ಅನ್ನುವ ಕೋರಿಕೆ) ಆದ ಮೇಲೆ ನಮ್ಮ ಪುಟದ ಹೆಸರು ಇರಬೇಕು, ಅಲ್ವಾ? ಇಲ್ಲಿ ಯಾರದ್ದೋ ಸೈಟಿನ ಪೂರ್ತಿ ವಿಳಾಸ ಇತ್ತು. ಅಂಥ ಸಾಲು ಪುಟಗಟ್ಟಲೆ. ನಮ್ಮ ಸರ್ವರ್ ಊರಿಗೆಲ್ಲ ಪ್ರಾಕ್ಸಿಯಾಗಿ, ಅಂದರೆ ಬೇರೆಯವರ ಪರವಾಗಿ ಪುಟ ತಂದುಕೊಡುವ ಮಧ್ಯವರ್ತಿಯಾಗಿ, ದುಡಿಯುತ್ತಿತ್ತು.

ತಪ್ಪು ನನ್ನದೇ. ದರದ ಆ್ಯಪ್ ಇರುವುದು ಒಳಗೆ, 8080 ಪೋರ್ಟಿನ ಟಾಮ್‌ಕ್ಯಾಟ್ ಅನ್ನುವ, ಆ್ಯಪ್ ಓಡಿಸುವ ತಂತ್ರಾಂಶದಲ್ಲಿ. ಅಪಾಚೆ ಮುಂದೆ ನಿಂತು ಬಂದದ್ದನ್ನು ಅದಕ್ಕೆ ದಾಟಿಸಬೇಕು. ಅದಕ್ಕೆ ಅಪಾಚೆಯ ಸೆಟ್ಟಿಂಗಿನಲ್ಲಿ 'ಪ್ರಾಕ್ಸಿಪಾಸ್' ಅನ್ನುವ ಸಾಲು ಸಾಕು. ನಾನು ಬೇಕೇನೋ ಅಂತ 'ಪ್ರಾಕ್ಸಿರಿಕ್ವೆಸ್ಟ್ಸ್ ಆನ್' ಅಂತಲೂ ಬರೆದಿದ್ದೆ. ಅದು ಕೇಳಿದವರಿಗೆ ಯಾವ ಸೈಟನ್ನಾದರೂ ತಂದುಕೊಡುವ ಫಾರ್ವರ್ಡ್ ಪ್ರಾಕ್ಸಿಯ ಸಾಲು; ನಮ್ಮ ಹಾಗೆ ಒಳಗಿನ ಆ್ಯಪ್‌ಗೆ ಮಾತ್ರ ದಾಟಿಸುವ ರಿವರ್ಸ್ ಪ್ರಾಕ್ಸಿಗೆ ಬೇಡವೇ ಬೇಡ. ನಾವು ಮುಟ್ಟದೆ ಬಿಟ್ಟರೆ ಅಪಾಚೆ ಅದನ್ನು ಆಫ್ ಆಗಿಯೇ ಇಟ್ಟಿರುತ್ತದೆ.

ಆ ಹೊರೆಗೆ ಸೈಟ್ ನಿಧಾನವಾಗಿ ದರ ಕಾಣದೆ ಹೋದದ್ದಕ್ಕಿಂತ ಜಾಸ್ತಿ ಹೆದರಿಕೆ ಬೇರೆಯದಕ್ಕೆ ಆಯಿತು. ಈ ದಾರಿಯಲ್ಲಿ ಬಂದವರು 192.168 ರಿಂದ ಶುರುವಾಗುವ ಒಳಗಿನ ವಿಳಾಸವನ್ನೂ ಕೇಳಬಹುದು. ಸಂಘದ ಲೆಕ್ಕದ ಕಂಪ್ಯೂಟರ್ ಅದೇ ನೆಟ್‌ವರ್ಕಿನಲ್ಲಿದೆ. ಬೆಳೆಗಾರರ ಸಾಲ, ಠೇವಣಿ ಎಲ್ಲ ಅದರಲ್ಲಿ. ಕೇಳಿದವರು ಎಲ್ಲಿಯವರೇ ಆಗಲಿ, ಆ ಲೆಕ್ಕದ ಕಂಪ್ಯೂಟರಿಗೆ ಕಾಣುವುದು ನಮ್ಮ ಸರ್ವರ್ ಮಾತ್ರ. ಆ ರಾತ್ರಿ ಕೂತು ಇದ್ದಬದ್ದ ಲಾಗ್ ಎಲ್ಲ ಜಾಲಾಡಿದೆ. ಒಳಗಿನ ವಿಳಾಸ ಒಂದೂ ಸಿಗಲಿಲ್ಲ. ಆಗ ಜೀವ ಬಂತು.

ಆ ಸಾಲನ್ನು ಆಫ್ ಮಾಡಿ ಅಪಾಚೆ ರೀಸ್ಟಾರ್ಟ್ ಮಾಡಿದೆ. ಮೊಬೈಲ್ ಡೇಟಾ ಹಾಕಿಕೊಂಡು, ಹೊರಗಿನಿಂದ ಕರ್ಲ್‌ನಲ್ಲಿ (ಪುಟ ಕೇಳಿ ನೋಡುವ ಸಣ್ಣ ಸಾಧನ) ನಮ್ಮ ಸರ್ವರನ್ನೇ ಪ್ರಾಕ್ಸಿ ಮಾಡಿ ಬೇರೆ ಸೈಟ್ ಕೇಳಿದೆ. ಆದರೂ 200, ಅಂದರೆ 'ಸರಿ, ಕೊಟ್ಟೆ' ಅನ್ನುವ ಉತ್ತರ! ಕೈಕಾಲು ತಣ್ಣಗಾಯಿತು. ಆದರೆ ಬಂದ ಪುಟ ನೋಡಿದರೆ ನಮ್ಮದೇ ಅಡಿಕೆ ದರ. ಗುರುತಿಲ್ಲದ ಹೆಸರು ಬಂದರೆ ಅಪಾಚೆ ಮೊದಲ ವರ್ಚುವಲ್ ಹೋಸ್ಟಿನ (ಒಂದೇ ಸರ್ವರಿನಲ್ಲಿ ಒಂದೊಂದು ಸೈಟಿಗೂ ಬರೆದಿಟ್ಟ ವಿಭಾಗ) ಪುಟ ಕೊಡುತ್ತದೆ. ಹಾಗಾಗಿ 200 ಅಂತ ಕಂಡರೆ ಸಾಲದು, ಒಳಗೆ ಏನು ಬಂದಿದೆ ಅಂತ ನೋಡಲೇಬೇಕು. ಇಂಥ ಕೋರಿಕೆಗೆಂದೇ ಎಲ್ಲಕ್ಕೂ ಮೊದಲು ಒಂದು ಖಾಲಿ ವರ್ಚುವಲ್ ಹೋಸ್ಟ್ ಇಟ್ಟು, ಅದರಲ್ಲಿ ಯಾರಿಗೂ ಕೊಡಬೇಡ ಅನ್ನುವ 'ರಿಕ್ವೈರ್ ಆಲ್ ಡಿನೈಡ್' ಬರೆದೆ. ಈಗ 403, ಅಂದರೆ 'ಅನುಮತಿ ಇಲ್ಲ' ಅನ್ನುವ ಉತ್ತರ ಬರುತ್ತದೆ.

ಟಾಮ್‌ಕ್ಯಾಟ್ ಕೂಡ 127.0.0.1 (ಅದೇ ಯಂತ್ರದ ಒಳಗಿನ ವಿಳಾಸ) ಬಿಟ್ಟು ಬೇರೆಲ್ಲೂ ಕಿವಿಗೊಡದ ಹಾಗೆ ಮಾಡಿದ್ದೇನೆ. ಲೆಕ್ಕದ ಕಂಪ್ಯೂಟರನ್ನು ಬೇರೆ ನೆಟ್‌ವರ್ಕಿಗೆ ಹಾಕುವುದು ಬಾಕಿ ಇದೆ. ಚೌತಿಯ ಒಳಗೆ ಮುಗಿಸುತ್ತೇನೆ ಅಂತ ಗುಮಾಸ್ತರಿಗೆ ಮಾತು ಕೊಟ್ಟಿದ್ದೇನೆ.